ಹಚ್ಚಿ ತೋರಿಸಿ, ತಗೊಂಡು ಹೋಗಿ

ಮೇಡಮ್ಮಿಗೆ ಏನಾದರೂ ಹಿಡಿಸದಿದ್ದರೆ ಮೇಲ್ದುಟಿಯ ಎಡತುದಿ ಮಾತ್ರ ಮೇಲೇಳುತ್ತಿತ್ತು. ಉಳಿದ ಮುಖವೆಲ್ಲ ಕಲ್ಲಿನ ಹಾಗಿರುತ್ತಿತ್ತು. ಆ ಒಂದು ಮೂಲೆ ಯಾರೋ ದಾರ ಕಟ್ಟಿ ಎಳೆದಂತೆ ಎದ್ದು, ಒಳಗಿನ ಕೋರೆಹಲ್ಲು ತೋರಿಸಿ, ಸ್ವಲ್ಪ ಹೊತ್ತು ನಿಂತು ಇಳಿಯುತ್ತಿತ್ತು. ಲೋಕದಲ್ಲಿ ಅವರಿಗೆ ಹಿಡಿಸುವ ಸಂಗತಿಗಳು ಬಹಳ ಕಡಿಮೆ ಇದ್ದುದರಿಂದ ಆ ತುಟಿಗೆ ಬಿಡುವೇ ಇರಲಿಲ್ಲ.

ನಾನು ಅದನ್ನು ಮೊದಲು ಕಂಡದ್ದು ಚಳ್ಳಕೆರೆಯ ಬಳ್ಳಾರಿ ರಸ್ತೆಯಲ್ಲಿರುವ ನನ್ನ ಅಂಗಡಿಯಲ್ಲಿ. ಮೊಬೈಲು, ಯುಪಿಎಸ್ಸು, ಟಿವಿ ರಿಪೇರಿ ನನ್ನ ಕಸುಬು. ಒಂದು ಮಧ್ಯಾಹ್ನ ಹತ್ತಿ ಸೀರೆಯುಟ್ಟ, ನರೆಗೂದಲನ್ನು ಬಿಗಿಯಾಗಿ ಗಂಟು ಕಟ್ಟಿದ ಹೆಂಗಸೊಬ್ಬರು ಬಂದು, ಟವೆಲ್ಲಿನಲ್ಲಿ ಸುತ್ತಿದ ಭಾರದ ವಸ್ತುವೊಂದನ್ನು ಗಾಜಿನ ಕೌಂಟರ್ ಮೇಲೆ ದಡ್ಡನೆ ಇಟ್ಟರು.

"ಎರಡು ಕೆಪ್ಯಾಸಿಟರ್ ಉಬ್ಬಿದಾವೆ. ಬದಲಾಯಿಸಿ ಕೊಡು."

ಬಿಚ್ಚಿ ನೋಡಿದೆ. ನಾನು ಹುಟ್ಟುವುದಕ್ಕೂ ಮುಂಚಿನ ಕಂಪ್ಯೂಟರೊಂದರ ಪವರ್ ಸಪ್ಲೈ. "ಇದರ ಪಾರ್ಟ್ಸ್ ಎಲ್ಲಿ ಬರ್ತಾವೆ ಮೇಡಂ? ಬಿಸಾಕಿ ಹೊಸದು ತಗೊಳ್ರಿ," ಅಂದೆ. ಅಂಗಡಿಗೆ ಬಂದವರಿಗೆಲ್ಲ ನಾನು ಹೇಳುತ್ತಿದ್ದ ಮಾತೇ ಅದು. ಜನ ಅದನ್ನು ಕೇಳಿ ಸಮಾಧಾನವಾಗಿಯೇ ಹೋಗುತ್ತಿದ್ದರು.

ತುಟಿ ಎದ್ದಿತು.

"ಬಿಸಾಕು ಅನ್ನಾಕೆ ಬೋರ್ಡ್ ಬೇರೆ ಹಾಕ್ಕಂಡಿದೀಯಾ? ರಿಪೇರಿ ಅಂತ ದಪ್ಪ ಅಕ್ಷರದಾಗೆ ಬರ್ಸಿದೀಯಲ್ಲೋ. ಅಳಿಸ್ಬಿಡು. ತಿಪ್ಪೆ ಅಂತ ಬರ್ಸು. ಜನಕ್ಕೆ ಅನುಕೂಲ ಆಗ್ತೈತೆ."

ಪಕ್ಕದ ಜೆರಾಕ್ಸ್ ಅಂಗಡಿಯವನು ನಕ್ಕ. ನನಗೆ ಮೈ ಉರಿದುಹೋಯಿತು. ಆ ಉರಿಯಲ್ಲೇ ಬೆಂಗಳೂರಿನಿಂದ ಕೆಪ್ಯಾಸಿಟರ್ ತರಿಸಿ, ಹಾಕಿ, ಮುಂದಿನ ವಾರ ಅವರ ಮುಂದಿಟ್ಟೆ. ಅವರು ಕನ್ನಡಕ ಹಣೆಗೇರಿಸಿ, ಬೋರ್ಡನ್ನು ಮೂಗಿನ ಹತ್ತಿರ ಹಿಡಿದು ನೋಡಿದರು. "ಗುಬ್ಬಿ ಹಿಕ್ಕೆ ಹಾಕ್ದಂಗೆ ಬೆಸುಗೆ ಹಾಕಿದೀಯ. ಕಿತ್ತು ಇನ್ನೊಂದ್ಸಲ ಹಾಕು," ಅಂದರು. ಹಾಕಿದೆ. ಯಾಕೆ ಹಾಕಿದೆನೋ ಗೊತ್ತಿಲ್ಲ. ಹಾಗೆ ಶುರುವಾಯಿತು ನಮ್ಮ ಸಂಬಂಧ. ಅದು ಕೊನೆಯವರೆಗೂ ಹಾಗೆಯೇ ಇತ್ತು.

ಆಮೇಲೆ ಒಂದೊಂದಾಗಿ ತಿಳಿಯಿತು. ಅವರು ಮೊಳಕಾಲ್ಮೂರಿನವರು, ರೇಷ್ಮೆ ಸೀರೆ ನೇಯುವ ಮನೆತನ, ಮನೆಮಾತು ತೆಲುಗು. ಮದುವೆ ಆಗಿರಲಿಲ್ಲ, ಯಾಕೆಂದು ಕೇಳಿದವರಿಗೆ ತುಟಿಯೇ ಉತ್ತರ. ಚಳ್ಳಕೆರೆಯ ಹೊರಗಿನ ಒಂದು ಖಾಸಗಿ ಕಾಲೇಜಿನಲ್ಲಿ ಕಂಪ್ಯೂಟರ್ ಲ್ಯಾಬ್ ನೋಡಿಕೊಳ್ಳುತ್ತಿದ್ದರು. ಚಳ್ಳಕೆರೆಯಲ್ಲಿ ಶೇಂಗಾ ಎಣ್ಣೆ ತೆಗೆದವರು ಒಂದು ಕಾಲಕ್ಕೆ ದುಡ್ಡು ಕಂಡರು. ದುಡ್ಡು ಕಂಡವರಲ್ಲಿ ಒಬ್ಬರು ಕಾಲೇಜು ಕಟ್ಟಿದರು. ಅವರೇ ಚೇರ್ಮನ್ನರು. ಕಾಲೇಜಿಗೆ ಮೊದಲು ಕಂಪ್ಯೂಟರುಗಳು ಬಂದಾಗ ಅವನ್ನು ಎಸಿ ಕೋಣೆಯಲ್ಲಿಟ್ಟು, ಕುಂಕುಮ ಹಚ್ಚಿ, ಮೇಡಮ್ಮನ್ನು ಧೂಳು ಒರೆಸುವುದಕ್ಕೆ ನೇಮಿಸಿಕೊಂಡಿದ್ದರಂತೆ. ಮುಟ್ಟುವ ಅಧಿಕಾರವಿದ್ದ ಗಂಡಸು ಲೆಕ್ಚರರುಗಳು ಕೈ ಸುಟ್ಟೀತೆಂಬಂತೆ ದೂರ ನಿಂತಿರುತ್ತಿದ್ದರಂತೆ. ಧೂಳು ಒರೆಸುತ್ತಲೇ ಮೇಡಂ ಕೈಪಿಡಿಗಳನ್ನು ಓದಿ, ಪರೀಕ್ಷೆ ಕಟ್ಟಿ ಪಾಸಾಗಿ, ಲ್ಯಾಬಿಗೆ ಒಡತಿಯಾದರು. ಹೊಸ ಯಂತ್ರ ಬಂದಾಗಲೆಲ್ಲ ಹಳೆಯದನ್ನು ಗುಜರಿಗೆ ಬಿಡದೆ ಒಂದು ಕೋಣೆಯಲ್ಲಿ ಸೇರಿಸುತ್ತ ಬಂದರು. ಹಸಿರು ಅಕ್ಷರದ ಪರದೆಗಳು, ಟಿವಿಗೆ ಸಿಕ್ಕಿಸಿ ಕ್ಯಾಸೆಟ್ಟಿನಿಂದ ಪ್ರೋಗ್ರಾಂ ತುಂಬುವ ಪುಟ್ಟ ಯಂತ್ರಗಳು, ಕಿರ್ರೆನ್ನುವ ಪ್ರಿಂಟರುಗಳು, ದೊಡ್ಡ ಫ್ಲಾಪಿಗಳು. ಸುತ್ತಲಿನ ಬ್ಯಾಂಕು, ಮಿಲ್ಲು, ಟೈಪಿಂಗ್ ಶಾಲೆಗಳು ಬಿಸಾಕಿದ್ದನ್ನೂ ಕೇಳಿ ತಂದಿದ್ದರು.

ಕಾಲೇಜಿಗೆ ಪರಿಶೀಲನಾ ತಂಡ ಬರುತ್ತದೆ ಎಂದಾಗ ಚೇರ್ಮನ್ನರಿಗೆ ಆ ಕೋಣೆಯ ನೆನಪಾಯಿತು. ಹಾಲ್ ಒಂದಕ್ಕೆ ಬಣ್ಣ ಹೊಡೆಸಿ, ಗಾಜಿನ ಪೆಟ್ಟಿಗೆ ಮಾಡಿಸಿ, ಮ್ಯೂಸಿಯಂ ಅಂದರು. ರಿಬ್ಬನ್ ಕತ್ತರಿಸಿ, "ಮಗ್ಗವೇ ಜಗತ್ತಿನ ಮೊದಲ ಕಂಪ್ಯೂಟರು, ಆದ್ದರಿಂದ ಮೊಳಕಾಲ್ಮೂರೇ ಕಂಪ್ಯೂಟರಿನ ತವರು" ಎಂದು ಭಾಷಣ ಮಾಡಿದರು. ಮಗ್ಗದ ಮನೆಯಲ್ಲಿ ಹುಟ್ಟಿದ ಮೇಡಂ ಮುಂದಿನ ಸಾಲಿನಲ್ಲೇ ಕೂತಿದ್ದರು. ಅವರ ತುಟಿ ಅವತ್ತು ಎಷ್ಟು ಎತ್ತರಕ್ಕೆ ಹೋಗಿತ್ತೋ ನಾನು ನೋಡಲಿಲ್ಲ, ಊಹಿಸಬಲ್ಲೆ. ಪೆಟ್ಟಿಗೆಗಳ ಮೇಲೆ ಅಂಟಿಸಿದ ಚೀಟಿಗಳಲ್ಲಿ 'ಪುರಾತನ ಗಣಕಯಂತ್ರ' ಹೋಗಿ 'ಪುರಾತನ ಗಣಿಕಾಯಂತ್ರ' ಆಗಿತ್ತು. ಮ್ಯೂಸಿಯಂ ಇದ್ದಷ್ಟು ವರ್ಷವೂ ಅದನ್ನು ಯಾರೂ ತಿದ್ದಲಿಲ್ಲ. ಓದಿದ್ದರೆ ತಾನೆ ತಿದ್ದಲು! ಎಲ್ಲಕ್ಕಿಂತ ಮಿಗಿಲಾಗಿ, ಇಡೀ ಹಾಲಿನಲ್ಲಿ ಫ್ಯಾನಿನ ಸ್ವಿಚ್ಚು ಬಿಟ್ಟರೆ ಒಂದೇ ಒಂದು ಪ್ಲಗ್ ಪಾಯಿಂಟ್ ಇರಲಿಲ್ಲ.

"ಹಚ್ಚದೆ ಇಟ್ಟಿದ್ದು ಕಂಪ್ಯೂಟರಲ್ಲ, ಡಬ್ಬ," ಅನ್ನುತ್ತಿದ್ದರು ಮೇಡಂ. ಅವರು ಆನ್ ಅನ್ನುತ್ತಿರಲಿಲ್ಲ. ದೀಪಕ್ಕೆ ಹೇಳುವ ಹಾಗೆ ಹಚ್ಚು ಅನ್ನುತ್ತಿದ್ದರು.

ಅವರು ನಿವೃತ್ತರಾದ ಮೇಲೆ ಆ ಮ್ಯೂಸಿಯಂ ಮುಚ್ಚಿತು. ಅದೇ ಹಾಲಿನಲ್ಲಿ ಚೇರ್ಮನ್ನರು ಕೃತಕ ಬುದ್ಧಿಮತ್ತೆ ಕೇಂದ್ರ ತೆರೆದರು. ಕೇಂದ್ರವೆಂದರೆ ಗೋಡೆಗೆ ನಾಲ್ಕು ಟಿವಿ, ಬಾಗಿಲಲ್ಲಿ ಕೈ ಮುಗಿದು "ನಮಸ್ತೆ" ಅನ್ನುವ ಒಂದು ಪ್ಲಾಸ್ಟಿಕ್ ಗೊಂಬೆ. ಸ್ವಲ್ಪ ದಿನದಲ್ಲೇ ಗೊಂಬೆಯ ಒಂದು ಕೈ ನಿಂತುಹೋಗಿ, ಬಂದವರಿಗೆಲ್ಲ ಕಪಾಳಕ್ಕೆ ಹೊಡೆಯುವಂತೆ ಅದು ಇನ್ನೊಂದೇ ಕೈಯನ್ನು ಎತ್ತುತ್ತಿತ್ತು. ಕೃತಕವೋ ಸಹಜವೋ, ಬುದ್ಧಿ ಅನ್ನುವುದು ಆ ಕಟ್ಟಡದೊಳಗೆ ಕಾಲಿಟ್ಟದ್ದು ಆ ಗೊಂಬೆಯ ಎತ್ತಿದ ಕೈಯಲ್ಲಿ ಮಾತ್ರ.

ಹಳೆಯ ಯಂತ್ರಗಳನ್ನು ಸೈಕಲ್ ಶೆಡ್ಡಿಗೆ ಎಸೆದಿದ್ದಾರೆಂದು ಸುದ್ದಿ ತಿಳಿದು ಮೇಡಂ ಹೋದರು. ಚೇರ್ಮನ್ನರು ಎಲ್ಲರೆದುರಿಗೆ, "ತಗೊಂಡ್ ಹೋಗಮ್ಮ, ಗುಜರಿಯವನೂ ಮೂಸಿ ನೋಡ್ತಿಲ್ಲ. ಜಾಗ ಖಾಲಿ ಆದ್ರೆ ಸಾಕು," ಅಂದರು. ಲಗೇಜ್ ಆಟೋದಲ್ಲಿ ಹೇರಿಕೊಂಡು, ಬಿ.ಜಿ. ಕೆರೆ ದಾಟಿ, ಮೊಳಕಾಲ್ಮೂರಿನ ಅಣ್ಣನ ಮನೆಗೆ ತಂದರು. ಆ ಮನೆಯ ಪಡಸಾಲೆಯಲ್ಲಿ ಎರಡು ಮಗ್ಗ. ಒಂದರಲ್ಲಿ ಅಣ್ಣ ನೇಯುತ್ತಿದ್ದರು. ಇನ್ನೊಂದು ಅಪ್ಪನದು, ನಿಂತು ಹೋದದ್ದು. ನೇಯುವವರು ಕಾಲಿಳಿಬಿಟ್ಟು ಕೂರುವ ಆ ಮಗ್ಗದ ಗುಂಡಿಯ ಮೇಲೆ ಹಲಗೆ ಹಾಸಿ, ಕಂಪ್ಯೂಟರುಗಳನ್ನು ಸಾಲಾಗಿ ಜೋಡಿಸಿದರು. ಅಣ್ಣ ಲಾಳಿ ಎಸೆಯುವುದನ್ನು ನಿಲ್ಲಿಸಿ ನೋಡಿ, "ಇವು ತಿನ್ನಲ್ಲ ತಾನೆ?" ಅಂದರಂತೆ. "ಕರೆಂಟು ತಿಂತಾವೆ," ಅಂದರಂತೆ ಮೇಡಂ. ಅಣ್ಣ ಮತ್ತೆ ನೇಯತೊಡಗಿದರಂತೆ. ಆ ಮನೆಯಲ್ಲಿ ಅದಕ್ಕಿಂತ ಉದ್ದದ ಚರ್ಚೆಯನ್ನು ನಾನು ಕೇಳಿಲ್ಲ.

ಭಾನುವಾರ ಯಂತ್ರಗಳನ್ನು ಹಚ್ಚುವ ದಿನ. ಬೆಸುಗೆ ಹಾಕಲು ಒಬ್ಬ ಬೇಕೆಂದು ಕರೆದವರು ನನ್ನನ್ನು ಬಿಡಲೇ ಇಲ್ಲ. ಒಂದೊಂದನ್ನೂ ಹಚ್ಚಿ, ಬಿಸಿಯಾಗುವ ತನಕ ಓಡಿಸಿ, ಆರಿಸಿ, ಅಣ್ಣನ ಹಳೇ ಪಂಚೆ ಹೊದಿಸಬೇಕು. ರೇಷ್ಮೆಯ ಎಳೆ ಫ್ಯಾನಿಗೆ ಸುತ್ತಿಕೊಂಡಿದ್ದರೆ ಚಿಮಟದಿಂದ ಬಿಡಿಸಬೇಕು. ಬೋರ್ಡಿನ ಬ್ಯಾಟರಿ ಸೋರಿ ಹಸಿರು ಕಟ್ಟಿದ್ದರೆ ನಿಂಬೆರಸ ಹಚ್ಚಿ ತೊಳೆಯಬೇಕು. ಬೂಷ್ಟು ಹಿಡಿದ ಫ್ಲಾಪಿಯ ಹೊದಿಕೆ ಕತ್ತರಿಸಿ, ಒಳಗಿನ ತಟ್ಟೆಯನ್ನು ಸೋಪಿನ ನೀರಿನಲ್ಲಿ ಅದ್ದಿ ನೆರಳಿನಲ್ಲಿ ಒಣಗಿಸಬೇಕು. ಹಪ್ಪಳದಂತೆ ಹರವಿದ ಆ ತಟ್ಟೆಗಳ ಹತ್ತಿರ ನಾನು ಸುಳಿದರೂ, "ಏಮ್ರಾ, ಆ ಜಿಡ್ಡು ಬೆರಳು ಎತ್ತು!" ಎಂದು ಕೂಗುತ್ತಿದ್ದರು. ಕ್ಯಾಸೆಟ್ಟಿನ ಯಂತ್ರ ಪ್ರೋಗ್ರಾಂ ತುಂಬಿಕೊಳ್ಳುವಾಗ ಹೊರಡುವ ಕೀರಲು ದನಿಗೆ ಬೀದಿಯ ನಾಯಿಗಳು ಉತ್ತರ ಕೊಡುತ್ತಿದ್ದವು. ಅದರ ಬೆಲ್ಟು ಹೋದಾಗ ಟೇಪ್ ರೆಕಾರ್ಡರ್ ಬೆಲ್ಟಿಗಾಗಿ ನಾನು ರಾಯದುರ್ಗದ ತನಕ ಹೋಗಿ ಬಂದೆ. ತಂದುಕೊಟ್ಟಾಗ ಹೊಗಳಿಕೆ ಬರಬಹುದೆಂದು ಕಾದೆ. "ಸಡಿಲ ಐತೆ," ಅಂದರು.

ನೋಡಲು ಬರುವವರ ಬಗ್ಗೆ ಅವರಿಗಿದ್ದ ತಾತ್ಸಾರಕ್ಕೆ ಕೊನೆಯಿರಲಿಲ್ಲ. ಸುದ್ದಿ ಹರಡಿ ಒಬ್ಬಿಬ್ಬರು ಬರುತ್ತಿದ್ದರು. "ಅಯ್ಯೋ, ಎಷ್ಟು ಹಳೇದು!" ಅಂದವರನ್ನು "ನೀನೂ ಆಗ್ತೀಯ" ಎಂದು ಕಳಿಸುತ್ತಿದ್ದರು. ವಿಡಿಯೋ ಮಾಡುವವನೊಬ್ಬ ತನ್ನದೇ ಮುಖಕ್ಕೆ ಫೋನು ಹಿಡಿದು, ಯಂತ್ರಗಳಿಗೆ ಬೆನ್ನು ತಿರುಗಿಸಿ ನಿಂತು ಮಾತಾಡಿದ. ಮುಗಿಸಿ, "ಅಮ್ಮಾ, ಇದರಲ್ಲಿ ನೆಟ್ ಬರುತ್ತಾ?" ಎಂದು ಕೇಳಿದ. "ನಿನ್ನ ತಲೇಲಿ ಬರ್ತೈತಾ ಮೊದಲು ನೋಡ್ಕ," ಅಂದರು.

ಬೆಂಗಳೂರಿನಿಂದ ಬಂದ ಇನ್ನೊಬ್ಬ ಇದ್ದ. ದೊಡ್ಡ ಕಾರು, ಮೊಣಕಾಲಿನಲ್ಲಿ ಹರಿದ ಪ್ಯಾಂಟು. ತನ್ನ ಕಾಫಿ ಅಂಗಡಿಯ ಅಲಂಕಾರಕ್ಕೆ ಮಾನಿಟರುಗಳು ಬೇಕಂತೆ. ಒಳಗಿನದ್ದೆಲ್ಲ ಕಿತ್ತು, ಗಾಜು ಕೂರಿಸಿ, ನೀರು ತುಂಬಿ, ಮೀನು ಬಿಡುತ್ತಾನಂತೆ. ಬಹಳ ಚಂದ ಕಾಣುತ್ತದಂತೆ. ಕೇಳಿದಷ್ಟು ಕೊಡುತ್ತೇನೆ ಅಂದ. ಮೇಡಂ ತಾಳ್ಮೆಯಿಂದ ಪೂರ್ತಿ ಕೇಳಿಸಿಕೊಂಡರು.

"ನಿಮ್ಮ ತಾತ ಅದಾರಾ?"

"ಇದಾರೆ ಮೇಡಂ."

"ಅವರ ಹೊಟ್ಟೆ ಸೀಳಿ ಮೀನು ಬಿಡು. ಇನ್ನೂ ಚಂದ ಕಾಣ್ತೈತೆ."

ಅವನು ನಕ್ಕ. ತಮಾಷೆ ಅಂದುಕೊಂಡಿದ್ದ. ಮೇಡಂ ನಗದೆ ನೋಡುತ್ತಲೇ ಇದ್ದಾಗ ನಗು ಅರ್ಧಕ್ಕೆ ನಿಂತು, ಚಪ್ಪಲಿ ಹುಡುಕತೊಡಗಿದ.

ಒಮ್ಮೆ ನಾನು, "ದೊಡ್ಡ ಸೇವೆ ಮಾಡ್ತಿದೀರಿ ಮೇಡಂ," ಅಂದುಬಿಟ್ಟೆ. "ಸೇವೆ ಗೀವೆ ಅಂದ್ರೆ ಬಾಗ್ಲು ಅಲ್ಲೈತೆ," ಅಂದರು. ಸ್ವಲ್ಪ ಹೊತ್ತು ಒಂದು ಕೀಬೋರ್ಡಿನ ಗುಂಡಿಗಳನ್ನು ಒರೆಸುತ್ತ ಕೂತಿದ್ದು, ತಾವಾಗಿ ಹೇಳಿದರು: "ಆ ಕಾಲೇಜಿನಾಗೆ ನನ್ನ ಮಾತು ಕೇಳಿದ್ದು ಇವೊಂದೇ ಕಣೋ. ಹೇಳಿದ್ದನ್ನ ಹೇಳ್ದಂಗೆ ಮಾಡಿದ್ವು. ತಪ್ಪು ಹೇಳಿದ್ರೆ ತಪ್ಪು ಅಂತ ಮುಖಕ್ಕೆ ಅಂದ್ವು. ನಾನು ಹೆಂಗಸು ಅಂತ ನೋಡ್ಲಿಲ್ಲ, ಅವ್ನು ಚೇರ್ಮನ್ನು ಅಂತ ನೋಡ್ಲಿಲ್ಲ. ಅಂಥವನ್ನ ಸೈಕಲ್ ಶೆಡ್ಡಿಗೆ ಹಾಕ್ತಾರಾ?"

ಅದೊಂದೇ ಸಲ. ಮತ್ತೆ ಅವರು ಆ ಥರ ಮಾತಾಡಲಿಲ್ಲ.

ಪ್ಲಾಸ್ಟಿಕ್ ಗೊಂಬೆಯ ಇನ್ನೊಂದು ಕೈಯೂ ನಿಂತ ಮೇಲೆ ಚೇರ್ಮನ್ನರು ಬಂದರು. ಪರಿಶೀಲನಾ ತಂಡ ಮತ್ತೆ ಬರುವುದಿತ್ತು. ಹಳೆಯದನ್ನು ಉಳಿಸಿಕೊಂಡ ಕಾಲೇಜಿಗೆ ಈಗ ಅಂಕ ಕೊಡುತ್ತಾರೆಂದು ಯಾರೋ ಅವರ ಕಿವಿಗೆ ಹಾಕಿದ್ದರು. ಅವತ್ತು ಭಾನುವಾರ, ನಾನೂ ಇದ್ದೆ. ಹೊರಗೆ ಲಾರಿ ನಿಂತಿತ್ತು. ಒಳಗೆ ಬಂದವರು ಚೇರ್ಮನ್ನರು, ಪ್ರಿನ್ಸಿಪಾಲರು, ಫೋಟೋ ತೆಗೆಯುವವನು, ಹಿಂದೆ ಒಬ್ಬಳು ಯುವ ಲೆಕ್ಚರರ್. ಚೇರ್ಮನ್ನರ ಕೈಯಲ್ಲಿ ಶಾಲು, ಹಾರ. ಮೇಡಂ ಕುರ್ಚಿಯಿಂದ ಏಳಲಿಲ್ಲ. ನಡುವಿನ ಯಂತ್ರಗಳ ಮೇಲಿಂದ ಹಾರ ಹಾಕಲು ಕೊರಳು ಎಟುಕದೆ ಚೇರ್ಮನ್ನರು ಅದನ್ನು ಪ್ರಿಂಟರಿನ ಮೇಲಿಟ್ಟರು.

"ನೀವು ನಮ್ಮ ಸಂಸ್ಥೆಯ ಆಸ್ತಿಯನ್ನ ಇಷ್ಟು ದಿನ ಕಾಪಾಡಿದ್ದೀರಿ, ಬಹಳ ಸಂತೋಷ," ಎಂದು ಶುರುಮಾಡಿದರು.

"ಆಸ್ತೀನಾ? ಗುಜರಿಯವನೂ ಮೂಸಲ್ಲ ಅಂದಿದ್ರಿ."

"ಅದು ಆವಾಗಿನ ಮಾತು. ಈಗ ಲಾರಿ ತಂದಿದೀನಿ. ಗಲಾಟೆ ಬ್ಯಾಡ. ಪೊಲೀಸ್ರಿಗೆ ಹೇಳೋ ಹಂಗೆ ಮಾಡ್ಬ್ಯಾಡ್ರಿ."

"ಕರಸ್ರಿ. ಅವರಿಗೂ ಹಚ್ಚಾಕೆ ಬರಲ್ಲ." ಮೇಡಂ ಹಲಗೆಯ ಮೇಲಿನ ಸಾಲಿನತ್ತ ಕೈ ತೋರಿಸಿದರು. "ಒಂದು ಕೆಲ್ಸ ಮಾಡ್ರಿ. ನಿಮ್ಮ ಆಸ್ತಿ ಅಲ್ವಾ? ಹಚ್ಚಿ ತೋರಿಸಿ, ತಗೊಂಡು ಹೋಗಿ. ಯಾವುದು ಹಚ್ತೀರೋ ಅದು ನಿಮ್ದು. ನಾನು ತಡೆಯಲ್ಲ."

ಚೇರ್ಮನ್ನರು ನಕ್ಕು ಪ್ರಿನ್ಸಿಪಾಲರತ್ತ ಕಣ್ಣು ಹಾಯಿಸಿದರು. ಕಂಪ್ಯೂಟರ್ ವಿಷಯದಲ್ಲೇ ಡಾಕ್ಟರೇಟ್ ಪಡೆದ ಆ ಪ್ರಿನ್ಸಿಪಾಲರು ಅಂಗಿಯ ತೋಳು ಮಡಿಸಿ ಬಂದು, ಮಾನಿಟರಿನ ಗುಂಡಿ ಒತ್ತಿ, ಸ್ವಲ್ಪ ಕಾದು, ಮತ್ತೆ ಒತ್ತಿ, ಕೊನೆಗೆ ಪಕ್ಕಕ್ಕೊಂದು ತಟ್ಟಿದರು. "ಸರ್, ಇವು ಡೆಡ್ ಆಗಿವೆ. ಆದ್ರೆ ಡಿಸ್‌ಪ್ಲೇಗೆ ನಡೆಯುತ್ತೆ," ಅಂದರು. ಆ ಒಂದು ಮಾತಿನಲ್ಲಿ ಅವರ ಇಡೀ ಕಾಲೇಜು ಇತ್ತು. ಅಣ್ಣ ಲಾಳಿ ನಿಲ್ಲಿಸಿ ನೋಡುತ್ತಿದ್ದರು. ಹೋಗುತ್ತ ಬರುತ್ತ ಅದೇ ಯಂತ್ರ ಹತ್ತಿ ಬೆಳಗುವುದನ್ನು ಅವರು ವಾರವಾರವೂ ಕಂಡಿದ್ದರು.

ಆಗ ಹಿಂದಿದ್ದ ಲೆಕ್ಚರರ್ ಮುಂದೆ ಬಂದಳು. "ನಾನೊಂದ್ಸಲ ನೋಡ್ಲಾ ಮೇಡಂ?" ಎಂದು ಮೇಡಮ್ಮನ್ನೇ ಕೇಳಿದಳು, ಚೇರ್ಮನ್ನರನ್ನಲ್ಲ. ಮೊಣಕಾಲೂರಿ ಕೂತು, ವೈರು ಎಲ್ಲಿಂದ ಎಲ್ಲಿಗೆ ಹೋಗಿದೆಯೆಂದು ಬೆರಳಲ್ಲಿ ಹಿಂಬಾಲಿಸಿದಳು. ಸ್ಟೆಬಿಲೈಸರ್ ಹಾಕಿದಳು. ಪೆಟ್ಟಿಗೆಯ ಬಲಕ್ಕೆ, ಹಿಂದೆ ಕೈ ತೂರಿಸಿ ತಡಕಿದಳು. ಅಲ್ಲಿರುವ ಕೆಂಪು ಸ್ವಿಚ್ಚು ಸಿಕ್ಕಿತು. ಒತ್ತಲಿಲ್ಲ.

"ಇದಕ್ಕೆ ಮೊದಲು ಫ್ಲಾಪಿ ಬೇಕು ಅಲ್ವಾ ಮೇಡಂ? ಒಳಗೆ ಏನೂ ಇರಲ್ಲ ಇದರಾಗೆ."

ಮೇಡಂ ಒಂದು ಫ್ಲಾಪಿ ಕೊಟ್ಟರು. ಅವಳು ತೂರಿಸಿ, ಚಿಲಕ ತಿರುಗಿಸಿ, ಸ್ವಿಚ್ಚು ಹಾಕಿದಳು. ಫ್ಯಾನು ಗೊಂಯ್ ಅಂದಿತು. ಪರದೆಯ ಮೂಲೆಯಲ್ಲಿ ಅಂಕಿಗಳು ಏರಿದವು, ಡ್ರೈವು ಗರಗರ ಕೆಮ್ಮಿತು, ಹಸಿರು ಅಕ್ಷರವೊಂದು ಮೂಡಿ ಅದರ ಪಕ್ಕದ ಗೆರೆ ಮಿಟುಕತೊಡಗಿತು. ಅವಳು ಎರಡೂ ಕೈಗಳಿಂದ ಬಾಯಿ ಮುಚ್ಚಿಕೊಂಡಳು.

ಫೋಟೋದವನು ಚೇರ್ಮನ್ನರನ್ನು ಯಂತ್ರದ ಪಕ್ಕ ನಿಲ್ಲಿಸಿ ಫೋಟೋ ತೆಗೆದ.

ಅದು ಮೇಡಂ ಮೊದಲು ಧೂಳು ಒರೆಸಿದ ಯಂತ್ರ. ಅವರು ಮೊದಲು ಪ್ರೋಗ್ರಾಂ ಬರೆದದ್ದೂ ಅದರಲ್ಲೇ. ನನಗೆ ಗೊತ್ತಿತ್ತು. "ಮೇಡಂ, ಅದು ಬ್ಯಾಡ," ಎಂದು ಮೆಲ್ಲಗೆ ಅಂದೆ. ಅವರು ಅದನ್ನು ತಾವೇ ಆರಿಸಿ, ವೈರು ಸುತ್ತಿ, ಪಂಚೆ ಹೊದಿಸಿ, ಲೆಕ್ಚರರಿಗೆ ಹೇಳಿದರು: "ನಿನ್ನ ಕೈಗೆ ಕೊಟ್ಟಿದೀನಿ. ಅವರ ಕೈಗಲ್ಲ. ವಾರಕ್ಕೊಂದ್ಸಲ ಹಚ್ಚು." ಅವಳು ತಲೆಯಾಡಿಸಿದಳು. ಅಷ್ಟು ದೊಡ್ಡ ಲಾರಿಯಲ್ಲಿ ಆ ಒಂದೇ ಪೆಟ್ಟಿಗೆ ಕೂತು ಚಳ್ಳಕೆರೆಗೆ ಹೋಯಿತು. ಪ್ರಿಂಟರಿನ ಮೇಲಿದ್ದ ಹಾರವನ್ನು ಮೇಡಂ ಎತ್ತಿ ಬೀದಿಯ ಮೇಕೆಗೆ ಹಾಕಿದರು. ಅವತ್ತು ಸಂಜೆಯವರೆಗೂ ಯಾರನ್ನೂ ಬಯ್ಯಲಿಲ್ಲ. ನನಗೆ ಭಯವಾಯಿತು.

ಲೆಕ್ಚರರ್ ಆಮೇಲೆ ಭಾನುವಾರಗಳಲ್ಲಿ ಬರತೊಡಗಿದಳು. ಬಂದೊಡನೆ ಮೇಡಂ ಕೇಳುವುದು ಒಂದೇ: "ಹಚ್ಚಿದ್ಯಾ?" ಅವಳು ತಲೆ ತಗ್ಗಿಸಿ, "ಸ್ಟೋರಿಗೆ ಹಾಕಿ ಬೀಗ ಹಾಕಿದಾರೆ ಮೇಡಂ. ಕೇಳ್ತಾ ಇದೀನಿ," ಅನ್ನುತ್ತಿದ್ದಳು. ಮೇಡಂ ಅವಳನ್ನು ಒಮ್ಮೆಯೂ ಬೈದದ್ದಿಲ್ಲ. ಇನ್ನೊಂದು ಯಂತ್ರದ ಮುಂದೆ ಕೂರಿಸಿ ಕಲಿಸುತ್ತಿದ್ದರು. ನನಗೆ ಹೊಟ್ಟೆಕಿಚ್ಚಾಗುವಷ್ಟು ಚೆನ್ನಾಗಿ ಕಲಿಸುತ್ತಿದ್ದರು.

ಮೇಡಮ್ಮಿಗೆ ಎದೆನೋವು ಬಂದದ್ದು ಆ ಬೇಸಿಗೆಯಲ್ಲಿ. ದಾವಣಗೆರೆಯ ಆಸ್ಪತ್ರೆಯಲ್ಲಿ ನೋಡಲು ಹೋದಾಗ ಮೈತುಂಬ ವೈರು, ತಲೆಯ ಹತ್ತಿರ ಬೀಪ್ ಅನ್ನುವ ಒಂದು ಪರದೆ. ನಾನು ಸಮಾಧಾನದ ಮಾತು ಸಿದ್ಧ ಮಾಡಿಕೊಂಡಿದ್ದೆ. ಅವರು ಕಣ್ಣಿನಲ್ಲೇ ಪರದೆಯನ್ನು ತೋರಿಸಿದರು.

"ಟೈಮ್ ನೋಡು ಅದರಾಗೆ. ಮಧ್ಯಾಹ್ನದಾಗೆ ಬೆಳಗಿನ ಜಾವ ತೋರಿಸ್ತೈತೆ. ನಾನು ಯಾವಾಗ ಸತ್ತೆ ಅಂತ ಇವರಿಗೆ ಹೆಂಗೆ ಗೊತ್ತಾಗ್ತೈತೆ?"

ನರ್ಸಮ್ಮನನ್ನು ಕೇಳಿ ನಾನೇ ಗಡಿಯಾರ ಸರಿಮಾಡಿದೆ. ಕಣ್ಣಲ್ಲಿ ನೀರು ಬಂತು. ಅವರು ನೋಡಿಬಿಟ್ಟರು.

"ಅಳಾಕೆ ಬಂದಿದ್ರೆ ಹೊರಗೆ ಹೋಗು. ನಾಳೆ ಭಾನುವಾರ ಅಲ್ವಾ? ಇಲ್ಲಿಗೆ ಯಾಕೆ ಬರ್ತೀಯ, ಅಲ್ಲಿಗೆ ಹೋಗು."

ಹೋದೆ. ಎಲ್ಲವನ್ನೂ ಹಚ್ಚಿ, ಬಿಸಿ ಮಾಡಿ, ಆರಿಸುತ್ತಿದ್ದಾಗ ಅಣ್ಣನ ಫೋನು ರಿಂಗಾಯಿತು. ಮಾತು ಮುಗಿದ ಮೇಲೆ ಅವರು ನೇಯ್ಗೆಗೆ ಬಟ್ಟೆ ಮುಚ್ಚಿದರು. ಅದರಿಂದಲೇ ನನಗೆ ಗೊತ್ತಾಯಿತು.

ಕರ್ಮಗಳು ಮುಗಿದು ಕೆಲವೇ ದಿನಕ್ಕೆ ಕಾಲೇಜಿನಿಂದ ಆಹ್ವಾನ ಬಂತು. ಚೇರ್ಮನ್ನರು ಹೊಸ ಮ್ಯೂಸಿಯಂ ತೆರೆಯುತ್ತಿದ್ದರು, ಮೇಡಮ್ಮಿನ ಹೆಸರಿನಲ್ಲಿ. ಮೇಡಂ ಬದುಕಿದ್ದಾಗ ಅವರ ಯಂತ್ರಗಳಿಗೆ ಒಂದು ಪ್ಲಗ್ ಪಾಯಿಂಟ್ ಕೊಡದವರು ಸತ್ತ ಮೇಲೆ ಇಡೀ ಹಾಲ್ ಅನ್ನೇ ಕೊಟ್ಟಿದ್ದರು. ಅಣ್ಣ, "ನಂಗೆ ಆಗಲ್ಲ, ನೀನು ಹೋಗಿ ಬಾ," ಅಂದರು. ಹೋದೆ. ಬಾಗಿಲಲ್ಲಿ ಮೇಡಮ್ಮಿನ ಆಳೆತ್ತರದ ಫೋಟೋ. ಯಾವುದೋ ಗುಂಪು ಚಿತ್ರದಿಂದ ಕತ್ತರಿಸಿ ತೆಗೆದದ್ದು. ಹೆಗಲ ಮೇಲೆ ಪಕ್ಕದವರ ಅರ್ಧ ಕೈ ಉಳಿದಿತ್ತು. ಭಾಷಣದಲ್ಲಿ ಚೇರ್ಮನ್ನರು "ಈ ಮಹಾತಾಯಿಯನ್ನು ಗುರುತಿಸಿ ಬೆಳೆಸಿದ್ದು ನಮ್ಮ ಸಂಸ್ಥೆ" ಅಂದರು. ಜನ ಚಪ್ಪಾಳೆ ತಟ್ಟಿದರು. ಊಟಕ್ಕೆ ಹೋಳಿಗೆ ಇತ್ತು. ಅದರ ಪರಿಮಳ ಸಭೆಯೊಳಗೂ ಬರುತ್ತಿತ್ತು, ಚಪ್ಪಾಳೆ ಅದಕ್ಕೇ ಇದ್ದರೂ ಇರಬಹುದು.

ಹಾಲಿನ ನಡುವೆ, ಗಾಜಿನ ಪೆಟ್ಟಿಗೆಯೊಳಗೆ ಆ ಯಂತ್ರ ಇತ್ತು. ಪರದೆ ಬೆಳಗುತ್ತಿತ್ತು. ಒಂದು ಕ್ಷಣ ನನಗೆ ಖುಷಿಯೇ ಆಯಿತು. ಸದ್ಯ, ಹಚ್ಚಿದ್ದಾರಲ್ಲ ಎಂದು. ಹತ್ತಿರ ಹೋದೆ. ಫ್ಯಾನಿನ ಸದ್ದಿಲ್ಲ. ಹಿಂದೆ ವೈರಿಲ್ಲ. ಬೆಳಗುತ್ತಿದ್ದದ್ದು ಪರದೆಯಲ್ಲ, ಅದರ ಮೇಲೆ ಅಂಟಿಸಿದ ಬಣ್ಣದ ಕಾಗದ. ಮಿಂಚುವ ಹಸಿರಿನಲ್ಲಿ 'ಸುಸ್ವಾಗತ' ಎಂದು ಮುದ್ರಿಸಿ, ಮೇಲಿನಿಂದ ಒಂದು ದೀಪ ಬಿಟ್ಟಿದ್ದರು. ಪಕ್ಕದಲ್ಲಿ ನಿಂತಿದ್ದ ಪ್ರಿನ್ಸಿಪಾಲರನ್ನು ನೋಡಿದೆ. "ನಿಜವಾದ್ದು ಹಾಕಿದ್ರೆ ಶಾರ್ಟ್ ಆಗ್ಬಹುದು ಅಂತ. ಯಾರಿಗೂ ಗೊತ್ತಾಗಲ್ಲ," ಎಂದು ಅವರು ಹೆಮ್ಮೆಯಿಂದ ಹೇಳಿದರು.

ನನಗೆ ಸಿಟ್ಟು ಬರಲಿಲ್ಲ. ನನ್ನ ಮೇಲ್ದುಟಿ ತಾನಾಗಿ ಏಳುವುದು ಗೊತ್ತಾಯಿತು. ಮೇಡಂ ನನಗೆ ಬೆಸುಗೆ ಕಲಿಸಿದರು, ಯಂತ್ರ ಕಲಿಸಿದರು. ಆದರೆ ಅವರಿಂದ ನನಗೆ ಬಂದ ನಿಜವಾದ ಆಸ್ತಿ ಆ ತಾತ್ಸಾರ. ಅದು ಇಲ್ಲದಿದ್ದರೆ ನಾನೂ ಆ ಕಾಗದದ ಮುಂದೆ ಕೈ ಮುಗಿದು, ಫೋಟೋ ತೆಗೆಸಿಕೊಂಡು, ಪಂಕ್ತಿಯಲ್ಲಿ ಕೂರುತ್ತಿದ್ದೆ. ಇದರಿಂದ ಗಿರಾಕಿಗಳು ಕಡಿಮೆಯಾಗಿದ್ದಾರೆ, ನೆಂಟರು ದೂರವಾಗಿದ್ದಾರೆ. ಇರಲಿ.

ಬಸ್ಸು ಹತ್ತಿ ಮೊಳಕಾಲ್ಮೂರಿಗೆ ಹೋದೆ. ಬಾಗಿಲು ತೆರೆದೇ ಇತ್ತು. ಸಮಾರಂಭಕ್ಕೆ ಬರಬೇಕಾಗಿದ್ದ ಲೆಕ್ಚರರ್ ಇಲ್ಲಿ, ಹಲಗೆಯ ಮೇಲೆ ಕೂತಿದ್ದಳು. ಪಂಚೆಗಳನ್ನು ಮಡಿಸಿ ಪಕ್ಕಕ್ಕಿಟ್ಟಿದ್ದಳು. ಎಲ್ಲ ಪರದೆಗಳೂ ಹತ್ತಿದ್ದವು. ಅಣ್ಣ ಮಗ್ಗದಿಂದ ಕತ್ತೆತ್ತಿದರು.

"ಅಲ್ಲಿ ಉಂಡ್ಯಾ?"

"ಇಲ್ಲ."

"ಒಳ್ಳೇದಾತು," ಎಂದು ಅವರು ಗುಂಡಿಯಿಂದ ಕಾಲು ಮೇಲೆತ್ತಿ ಎದ್ದರು. "ಕೈ ತೊಳ್ಕಾ."